ಗಳಗನಾಥರು ಮತ್ತು ಅವರ ಓದುಗ ವರ್ಗ

ಆಧುನಿಕ ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದವರೆಲ್ಲ ಗಳಗನಾಥರಿಗೆ ಗೌರವದ ಸ್ಥಾನವನ್ನು ಕೊಟ್ಟಿದ್ದಾರೆ. ಕಾದಂಬರಿ ಪಿತಾಮಹರೆಂಬ ಬಿರುದೂ ಅವರ ಹೆಸರಿಗೆ ಅಂಟಿಕೊಂಡಿದೆ. ಆದರೆ ಗೌರವ ಸಲ್ಲಿಸಿದ ಬೆನ್ನಿಗೇ ಕೆಲವು ಆಕ್ಷೇಪಗಳೂ ಬರುತ್ತವೆ: ಅವರ ಕೃತಿಗಳಲ್ಲಿ ಅನೇಕವು ಮರಾಠಿಯ ರೂಪಾಂತರಗಳು, ಉಪದೇಶದ ಭಾರ ಹೆಚ್ಚು, ಪಾತ್ರಗಳು ಒಳಿತು ಕೆಡುಕುಗಳ ಎರಕದಲ್ಲಿ ಮೂಡಿದ ಬೊಂಬೆಗಳು. ಈ ಆಕ್ಷೇಪಗಳು ನಿರಾಧಾರವಾದವುಗಳೇನಲ್ಲ. ಆದರೆ ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ಕಥಾಭಾಗಕ್ಕಾಗಿ ಕಾದಿದ್ದ ಓದುಗರು ಅದೇ ಕೃತಿಗಳ ಬಗೆಗೆ ತಳೆದಿದ್ದ ಅಭಿಪ್ರಾಯ ಬೇರೆಯಾಗಿತ್ತು. ಆ ಅಭಿಪ್ರಾಯವು ವಿಮರ್ಶೆಯ ಲೇಖನವಾಗಿ ಅಚ್ಚಾಗಲಿಲ್ಲ. ಚಂದಾ ಹಣವಾಗಿ, ಮರುಮುದ್ರಣವಾಗಿ, ಮನೆಯ ಜಗಲಿಯ ಮೇಲಿನ ಮಾತುಕತೆಯಾಗಿ ವ್ಯಕ್ತವಾಯಿತು. ಗಳಗನಾಥರ ಜೀವನವನ್ನು ಈ ಕಡೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಮೂಲ ಹೆಸರು. 1869ರ ಜನವರಿ 5ರಂದು, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗಳಗನಾಥ ಗ್ರಾಮದಲ್ಲಿ ಜನಿಸಿದರು. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಕ್ಷೇತ್ರವಿದು. ಗಳಗೇಶ್ವರನ ಪ್ರಾಚೀನ ದೇವಾಲಯವಿರುವ ಊರು. ಇಲ್ಲಿಂದ ಕೆಳಗೆ ಹರಿದ ನೀರೇ ಹಂಪಿಯ ಬಂಡೆಗಳ ನಡುವೆ ಹಾಯುತ್ತದೆ. ವಿಜಯನಗರದ ಉದಯವನ್ನೂ ಅಳಿವನ್ನೂ ಕಥೆಯಾಗಿಸಿದ ಲೇಖಕನ ಹುಟ್ಟೂರು ಇದಾಗಿತ್ತೆಂಬುದನ್ನು ಆಕಸ್ಮಿಕವೆಂದು ಬಿಟ್ಟರೂ ನೆನೆಯಲು ಹಿತವಾಗಿದೆ. ಊರ ಹೆಸರನ್ನೇ ಅವರು ಕಾವ್ಯನಾಮವಾಗಿಸಿಕೊಂಡರು.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಓದಿ ಅವರು ಕನ್ನಡ ಶಾಲೆಯ ಶಿಕ್ಷಕರಾದರು. ಮುಂಬಯಿ ಪ್ರಾಂತಕ್ಕೆ ಸೇರಿದ ಈ ಭಾಗದಲ್ಲಿ ಆಗ ಕನ್ನಡದ ಸ್ಥಿತಿ ಹೇಗಿತ್ತೆಂಬುದು ಸುಪರಿಚಿತ. ಡೆಪ್ಯುಟಿ ಚನ್ನಬಸಪ್ಪನವರ ಪ್ರಯತ್ನದಿಂದ ಕನ್ನಡ ಶಾಲೆಗಳು ಬೆಳೆದಿದ್ದವಾದರೂ, ಸುಶಿಕ್ಷಿತರ ಮನೆಗಳಲ್ಲಿ ಹವ್ಯಾಸದ ಓದು ಮರಾಠಿಯದೇ ಆಗಿತ್ತು. ಕಥೆಯ ರುಚಿ ಬೇಕಾದವರಿಗೆ ಹರಿ ನಾರಾಯಣ ಆಪಟೆಯವರ ಕಾದಂಬರಿಗಳಿದ್ದವು. ಆಪಟೆಯವರು 1890ರಲ್ಲಿ ಆರಂಭಿಸಿದ ‘ಕರಮಣೂಕ’ ವಾರಪತ್ರಿಕೆಯಲ್ಲಿ ಆ ಕಾದಂಬರಿಗಳಲ್ಲಿ ಹಲವು ಕಂತುಕಂತಾಗಿ ಪ್ರಕಟವಾಗುತ್ತಿದ್ದವು. ಮುಂದಿನ ವಾರ ಏನಾಗುವುದೋ ಎಂಬ ಕುತೂಹಲವನ್ನು ಕನ್ನಡಿಗನು ಮೊದಲು ಅನುಭವಿಸಿದ್ದು ಇನ್ನೊಂದು ಭಾಷೆಯಲ್ಲಿ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಿಸಿ ಓದುಗರನ್ನು ಗಳಿಸತೊಡಗಿದ್ದರು. ಉತ್ತರದಲ್ಲಿ ಆ ಕೆಲಸ ಇನ್ನೂ ಆಗಬೇಕಿತ್ತು.

1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥರಚನೆಗೆ ಬಹುಮಾನ ನೀಡುವ ಕ್ರಮವನ್ನು ಆರಂಭಿಸಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಸಂಘದ ಬಹುಮಾನ ಬಂದಿತು. ಅವರ ಬರಹದ ಮೇಲೆ ಸಾರ್ವಜನಿಕವಾಗಿ ಹೊರಬಿದ್ದ ಮೊದಲ ಅಭಿಪ್ರಾಯವೆಂದರೆ ಇದೇ. ಅದು ವಿದ್ವಜ್ಜನರ ಅಭಿಪ್ರಾಯ. ಪರೀಕ್ಷಕರು ಪೂರ್ಣ ಗ್ರಂಥವನ್ನು ಮುಂದಿಟ್ಟುಕೊಂಡು ಭಾಷೆ, ನೀತಿ, ಉಪಯುಕ್ತತೆಗಳನ್ನು ತೂಗುತ್ತಾರೆ. ಕಂತನ್ನು ಓದುವವನು ಕಥೆಯ ಮಧ್ಯದಲ್ಲಿ ನಿಂತು ಇನ್ನೊಂದು ತಿಂಗಳು ಕಾಯಬೇಕೋ ಬೇಡವೋ ಎಂಬುದನ್ನಷ್ಟೇ ನಿರ್ಧರಿಸುತ್ತಾನೆ. ಈ ಎರಡನೆಯ ಬಗೆಯ ಓದುಗನನ್ನು ಗಳಗನಾಥರು ಎದುರಿಸಿದ್ದು ‘ಸದ್ಬೋಧ ಚಂದ್ರಿಕೆ’ಯ ಮೂಲಕ.

ಹಾವೇರಿಯ ಸಮೀಪದ ಅಗಡಿಯ ಆನಂದವನದಲ್ಲಿ ಶೇಷಾಚಲ ಸದ್ಗುರುಗಳ ಆಶ್ರಯ ದೊರೆತದ್ದು ಗಳಗನಾಥರ ಜೀವನದ ದೊಡ್ಡ ತಿರುವು. 1907ರಲ್ಲಿ ಅಲ್ಲಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಡತೊಡಗಿತು. ಗಳಗನಾಥರು ಅದರ ಸಂಪಾದಕರೂ ಮುಖ್ಯ ಲೇಖಕರೂ ಆದರು. ಶಿಕ್ಷಕ ವೃತ್ತಿ ಹಿಂದೆ ಸರಿಯಿತು. ಆಪಟೆಯವರ ಪತ್ರಿಕೆಯ ಹೆಸರಿಗೆ ಮನರಂಜನೆಯೆಂದು ಅರ್ಥ. ಗಳಗನಾಥರ ಪತ್ರಿಕೆಯ ಹೆಸರು ಒಳ್ಳೆಯ ಬೋಧನೆಯನ್ನು ಸಾರುತ್ತದೆ. ಈ ವ್ಯತ್ಯಾಸವನ್ನು ಗಮನಿಸಬೇಕು. ಮಠದ ನೆರಳಿನಲ್ಲಿ ನಡೆಯುವ, ಧರ್ಮಬೋಧೆಯನ್ನು ಗುರಿಯಾಗುಳ್ಳ ಪತ್ರಿಕೆಯನ್ನು ಮನೆಗೆ ತರಿಸಲು ಯಾವ ಹಿರಿಯರ ಅಡ್ಡಿಯೂ ಇರಲಾರದು. ಕಾದಂಬರಿಯೆಂದರೆ ಕಾಲಹರಣ, ಹೆಣ್ಣುಮಕ್ಕಳ ಕೈಗೆ ಕೊಡಬಾರದ ವಸ್ತು ಎಂಬ ಭಾವನೆ ಬಲವಾಗಿದ್ದ ದಿನಗಳವು. ಪುರಾಣ ಕಥೆ, ಸಂತರ ಚರಿತ್ರೆಗಳ ಜೊತೆಯಲ್ಲಿಯೇ ಬಂದ ಕಾದಂಬರಿಯು ಆ ಭಾವನೆಯನ್ನು ತಪ್ಪಿಸಿ ಅಡುಗೆಮನೆಯವರೆಗೂ ಹೋಯಿತು. ಉಪದೇಶದ ಭಾರ ಎಂದು ನಾವು ಇಂದು ಗುರುತಿಸುವ ಭಾಗವೇ ಕಥೆಗೆ ಪ್ರವೇಶಪತ್ರವಾಗಿತ್ತೆಂದು ನನಗೆ ತೋರುತ್ತದೆ.

ಓದಿನ ರೀತಿಯೂ ಬೇರೆಯಾಗಿತ್ತು. ಆಗ ನೂರಕ್ಕೆ ಹತ್ತು ಜನರೂ ಅಕ್ಷರ ಬಲ್ಲವರಾಗಿರಲಿಲ್ಲ. ಒಬ್ಬರು ಓದಿ ಹಲವರು ಕೇಳುವುದು, ಪುರಾಣ ಪ್ರವಚನಗಳಿಂದ ಬಂದ ಹಳೆಯ ರೂಢಿ. ಹೀಗೆ ಕೇಳುವವರಿಗೆ ಲೇಖಕನು ಕಥೆಯನ್ನು ನಿಲ್ಲಿಸಿ ವಾಚಕರನ್ನು ಸಂಬೋಧಿಸುವುದಾಗಲಿ, ಒಂದು ಪಾತ್ರದ ನಡತೆಯನ್ನು ಕುರಿತು ತಾನೇ ತೀರ್ಪು ಹೇಳುವುದಾಗಲಿ ಕೃತಕವೆನಿಸಲಿಲ್ಲ. ಪೌರಾಣಿಕರೂ ಅದನ್ನೇ ಮಾಡುತ್ತಿದ್ದರಲ್ಲವೆ? ಹಿಂದಿನ ಪ್ರಸಂಗವನ್ನು ಮತ್ತೆ ನೆನಪಿಸುವ ಅವರ ಪುನರುಕ್ತಿಗಳು ಪುಸ್ತಕವಾಗಿ ಒಮ್ಮೆಲೇ ಓದುವವರಿಗೆ ಬೇಸರ ತರಿಸಬಹುದು. ತಿಂಗಳ ಅಂತರದಲ್ಲಿ ಕೇಳುವವರಿಗೆ ಅವು ಅಗತ್ಯವಾಗಿದ್ದವು. 1880ರ ದಶಕದಲ್ಲಿಯೇ ಹುಬ್ಬಳ್ಳಿಯ ಮಾರ್ಗವಾಗಿ ಬಂದಿದ್ದ ರೈಲು, ಅದರೊಡನೆ ಬೆಳೆದ ಅಂಚೆ, ಈ ಪತ್ರಿಕೆಯನ್ನು ದೂರದ ಊರುಗಳಿಗೆ ಮುಟ್ಟಿಸಿದವು. ಕನ್ನಡ ಪತ್ರಿಕೆಯೊಂದು ಸಾವಿರಾರು ಜನ ಚಂದಾದಾರರನ್ನು ಪಡೆಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಕಥೆ ಹಿಡಿಸದಿದ್ದರೆ ಓದುಗನು ಆಕ್ಷೇಪಪತ್ರ ಬರೆಯಬೇಕಾಗಿರಲಿಲ್ಲ. ಮುಂದಿನ ವರ್ಷದ ಚಂದಾ ಕಳಿಸದಿದ್ದರೆ ಸಾಕಿತ್ತು. ಮನೆಗೆ ಬಂದ ವಿ.ಪಿ.ಯನ್ನು ಹಿಂದಿರುಗಿಸಿದರಾಯಿತು. ಇಂಥ ಮೂಕ ವಿಮರ್ಶೆಗೆ ವರ್ಷವರ್ಷವೂ ತಲೆಕೊಟ್ಟು ಬರೆದವರು ಗಳಗನಾಥರು.

ರೂಪಾಂತರದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಪಟೆಯವರ ‘ವಜ್ರಾಘಾತ’ವು ವಿಜಯನಗರದ ಪತನವನ್ನು ಕುರಿತದ್ದು. ಗಳಗನಾಥರು ಅದನ್ನು ಆಧರಿಸಿ ಬರೆದ ಕಾದಂಬರಿಗೆ ‘ಕನ್ನಡಿಗರ ಕರ್ಮಕಥೆ’ ಎಂದು ಹೆಸರಿಟ್ಟರು. ಮರಾಠಿಯ ಶೀರ್ಷಿಕೆ ಆಕಸ್ಮಿಕವಾಗಿ ಎರಗಿದ ಆಘಾತವನ್ನು ಸೂಚಿಸಿದರೆ, ಕನ್ನಡದ ಶೀರ್ಷಿಕೆ ಓದುಗನ ಕಡೆಗೇ ಬೆರಳು ಮಾಡುತ್ತದೆ: ಇದು ನಿನ್ನ ಕಥೆ, ಇಲ್ಲಿನ ಅಳಿವಿಗೆ ನಿನ್ನವರ ಕರ್ಮವೇ ಕಾರಣ. 1565ರ ಯುದ್ಧದ ದುರಂತವನ್ನು ಮರಾಠಿ ಓದುಗನು ನೆರೆಯವರ ದುಃಖವೆಂದು ಓದಬಹುದಿತ್ತು. ರಕ್ಕಸತಂಗಡಗಿಯನ್ನು ಕಂಡುಬಂದವರಿದ್ದ, ಆನೆಗೊಂದಿಯ ಮಾತು ಕೇಳಿದವರಿದ್ದ ಊರುಗಳಲ್ಲಿ ಅದನ್ನು ಹಾಗೆ ಓದಲು ಸಾಧ್ಯವಿರಲಿಲ್ಲ. ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ಇತಿಹಾಸ ಗ್ರಂಥವು ವಿದ್ಯಾವಂತರಲ್ಲಿ ಮೂಡಿಸಿದ ಅಭಿಮಾನವನ್ನು ಕಾದಂಬರಿಯು ಕಥೆ ಕೇಳುವ ಸಾಮಾನ್ಯರಲ್ಲಿ ಮೂಡಿಸಿತು. ಇವೆರಡನ್ನೂ ಏಕೀಕರಣದ ಭಾವನಾತ್ಮಕ ಪೂರ್ವಪೀಠಿಕೆಯಾಗಿ ಒಟ್ಟಿಗೆ ಇಟ್ಟು ನೋಡುವುದು ನ್ಯಾಯ.

ಇದೇ ಸಂದರ್ಭದಲ್ಲಿ ಒಂದು ಮಾತನ್ನು ಹೇಳದೆ ಬಿಡಲಾಗದು. ಈ ಐತಿಹಾಸಿಕ ಕಾದಂಬರಿಗಳಲ್ಲಿ ಸ್ವಧರ್ಮ ಪರಧರ್ಮಗಳ ಗೆರೆ ಬಹಳ ದಪ್ಪವಾಗಿದೆ. ಹೆಣ್ಣಿನ ಆದರ್ಶವೂ ಪಾತಿವ್ರತ್ಯದ ಆಚೆಗೆ ಸುಲಭವಾಗಿ ಹೋಗುವುದಿಲ್ಲ. ಓದುಗರು ಮೆಚ್ಚಿಕೊಂಡದ್ದರಲ್ಲಿ ಈ ಅಂಶಗಳೂ ಸೇರಿದ್ದವು. ಜನಪ್ರಿಯತೆಯನ್ನು ಪ್ರಮಾಣವೆಂದು ಎತ್ತಿ ಹಿಡಿಯುವವರು ಈ ಭಾಗವನ್ನು ಮರೆಮಾಚಬಾರದು. ಓದುಗರ ಅಭಿಪ್ರಾಯವು ಕೃತಿಯ ಗುಣವನ್ನು ಮಾತ್ರ ತಿಳಿಸದೆ, ಓದುಗರು ಯಾರಾಗಿದ್ದರು ಎಂಬುದನ್ನೂ ತಿಳಿಸುತ್ತದೆ.

1923ರ ‘ಮಾಧವ ಕರುಣಾ ವಿಲಾಸ’ದಲ್ಲಿ ಅವರು ವಿಜಯನಗರದ ಸ್ಥಾಪನೆಗೆ ಮರಳಿದರು. ಇಲ್ಲಿ ಆಪಟೆಯವರ ಆಸರೆಯಿಲ್ಲ. ವಿದ್ಯಾರಣ್ಯರ ಮಹಿಮೆಯನ್ನು ಕೇಂದ್ರವಾಗಿಟ್ಟುಕೊಂಡ ಈ ದೀರ್ಘ ಕೃತಿಯಲ್ಲಿ ಗುರುಭಕ್ತಿಯೂ ನಾಡಿನ ಮೇಲಿನ ಪ್ರೀತಿಯೂ ಒಂದಾಗಿವೆ. ಕರ್ಮಕಥೆಯನ್ನು ಓದಿ ನೊಂದವರಿಗೆ ಲೇಖಕರು ಕೊಟ್ಟ ಸಮಾಧಾನದಂತೆಯೂ ಇದನ್ನು ಓದಬಹುದು. ‘ಕಮಲಕುಮಾರಿ’, ‘ರಾಣಿ ಮೃಣಾಲಿನಿ’, ‘ಈಶ್ವರೀ ಸೂತ್ರ’ ಮೊದಲಾದ ಉಳಿದ ಕೃತಿಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಆನಂದವನದ ಪತ್ರಿಕೆಯ ಸಂಬಂಧ ಕಡಿದ ಮೇಲೆ ಗಳಗನಾಥರು ‘ಸದ್ಗುರು’ ಎಂಬ ಪತ್ರಿಕೆಯನ್ನು ನಡೆಸಿದರು. ಆದರೆ ಕಟ್ಟಿ ಬೆಳೆಸಿದ ಚಂದಾದಾರರ ಬಳಗವನ್ನು ಲೇಖಕನು ತನ್ನೊಡನೆ ಎತ್ತಿಕೊಂಡು ಹೋಗಲಾರ. ಅದು ಪತ್ರಿಕೆಯ ಹೆಸರಿಗೆ ಸೇರಿದ್ದು. ಓದುಗರನ್ನು ಅವರು ಎರಡನೆಯ ಸಲ, ಈ ಬಾರಿ ಕಾಲ್ನಡಿಗೆಯಲ್ಲಿ, ಹುಡುಕಬೇಕಾಯಿತು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದರೆಂಬುದು ಉತ್ತರ ಕರ್ನಾಟಕದಲ್ಲಿ ಮನೆಮಾತಾದ ಸಂಗತಿ. ಇದನ್ನು ಕನ್ನಡ ಸೇವೆಯ ತ್ಯಾಗವೆಂದು ವೇದಿಕೆಗಳಲ್ಲಿ ಹೊಗಳುವುದುಂಟು. ಹೊಗಳಿಕೆ ಸಲ್ಲತಕ್ಕದ್ದೇ, ಆದರೆ ಅದರಲ್ಲಿ ಬಡತನದ ಮಾತು ಮುಚ್ಚಿಹೋಗುತ್ತದೆ. ಅಚ್ಚಿನ ಮನೆಯ ಸಾಲ ತೀರಬೇಕು, ಮುಂದಿನ ಪುಸ್ತಕಕ್ಕೆ ಕಾಗದ ಬರಬೇಕು, ಮನೆ ನಡೆಯಬೇಕು. ಬಾಗಿಲಲ್ಲಿ ನಿಂತ ಮುದುಕ ಗ್ರಂಥಕರ್ತನಿಗೆ ಕೊಳ್ಳುವವನ ಮೆಚ್ಚುಗೆಯೂ ಕೊಳ್ಳದವನ ಉದಾಸೀನವೂ ನೇರವಾಗಿ ಮುಖಕ್ಕೇ ಸಿಗುತ್ತಿದ್ದವು. ಕನ್ನಡದಲ್ಲಿ ಇಷ್ಟು ಹತ್ತಿರದಿಂದ ಓದುಗರ ಅಭಿಪ್ರಾಯವನ್ನು ಕೇಳಿಸಿಕೊಂಡ ಕಾದಂಬರಿಕಾರರು ವಿರಳ.

ಅವರ ಕೊನೆಯ ದಶಕದಲ್ಲಿ ಧಾರವಾಡದ ಸಾಹಿತ್ಯದ ಗಾಳಿ ಬದಲಾಗಿತ್ತು. ಬೇಂದ್ರೆಯವರ ಗೆಳೆಯರ ಗುಂಪು ಹೊಸ ಅಭಿರುಚಿಯನ್ನು ರೂಪಿಸಿತ್ತು. 1933ರಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಡಗೂಡಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಚಂದಾದಾರರಾದವರಿಗೆ ವರ್ಷವರ್ಷವೂ ಪುಸ್ತಕಗಳನ್ನು ಕಳಿಸುವ ಪದ್ಧತಿ ಅದರದು. ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ ಕಾದಂಬರಿಯಿಂದ ಮೊದಲಾದ ಆ ಮಾಲೆಯ ಓದುಗರು ಸಾಮಾಜಿಕ ವಸ್ತುವನ್ನು ಬಯಸುವವರು. ಗಳಗನಾಥರ ಶೈಲಿ ಅವರಿಗೆ ತಂದೆತಾಯಿಯರ ಕಾಲದ್ದೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕನ್ನಡ ಕಾದಂಬರಿಗಾಗಿ ಮುಂಗಡ ಹಣ ಕೊಟ್ಟು, ಬರುವ ಪುಸ್ತಕಕ್ಕಾಗಿ ಕಾಯುವ ಅಭ್ಯಾಸವನ್ನು ಈ ಜಿಲ್ಲೆಯ ಮನೆಗಳಿಗೆ ಕಾಲು ಶತಮಾನದ ಹಿಂದೆಯೇ ಕಲಿಸಿದವರಲ್ಲಿ ಅಗಡಿಯ ಸಂಪಾದಕರು ಮುಖ್ಯರು. 1942ರ ಏಪ್ರಿಲ್ 22ರಂದು, ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಗಳಗನಾಥರು ತೀರಿಕೊಂಡರು.