ಗೋಧಿಯನ್ನು ಸಂದೇಹಿಸಿದ ವೈದ್ಯ

ಅನ್ನವನ್ನು ದೇವರೆಂದು ಬಗೆದ ನಾಡು ನಮ್ಮದು. ಯೂರೋಪಿನ ಜನಕ್ಕೆ ಆ ಸ್ಥಾನದಲ್ಲಿರುವುದು ಗೋಧಿಯ ಬ್ರೆಡ್ಡು. ಅವರು ನಿತ್ಯಪ್ರಾರ್ಥನೆಯಲ್ಲಿ ಬೇಡುವುದು ಅದನ್ನೇ. ದೇವಾಲಯದಲ್ಲಿ ಪ್ರಸಾದವೆಂದು ಸ್ವೀಕರಿಸುವುದೂ ಅದನ್ನೇ. ಅಂತಹ ಆಹಾರವೇ ಕೆಲವು ಮಕ್ಕಳ ಪಾಲಿಗೆ ವಿಷವಾಗಬಹುದೆಂದು ಸಂದೇಹಪಟ್ಟು, ಆ ಸಂದೇಹವನ್ನು ಸುಮಾರು ಹದಿನೈದು ವರ್ಷ ತಾಳ್ಮೆಯಿಂದ ಪರೀಕ್ಷಿಸಿ, ಕೊನೆಗೆ ಅದನ್ನು ಸಿದ್ಧಾಂತವಾಗಿ ನಿಲ್ಲಿಸಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಂ ಕಾರೆಲ್ ಡಿಕ್ಕೆ.

ಗ್ಲೂಟೆನ್ ಇಲ್ಲದ ಆಹಾರವೆಂಬ ಮಾತು ಈಗ ನಮ್ಮ ನಗರಗಳ ಅಂಗಡಿಗಳಲ್ಲಿಯೂ ಕಾಲೇಜಿನ ಅಧ್ಯಾಪಕರ ಕೊಠಡಿಗಳಲ್ಲಿಯೂ ಧಾರಾಳವಾಗಿ ಕೇಳಿಬರುತ್ತಿದೆ. ಮೈ ಹಗುರಾಗಲೆಂದು ಗೋಧಿಯನ್ನು ಬಿಟ್ಟವರಿದ್ದಾರೆ. ನೆರೆಯವರು ಬಿಟ್ಟರೆಂದು ಬಿಟ್ಟವರೂ ಇದ್ದಾರೆ. ನಾನು ಕನ್ನಡ ಪಾಠ ಹೇಳುವವನು. ಆಹಾರದ ವಿಷಯದಲ್ಲಿ ಯಾರಿಗೂ ವಿಧಿನಿಷೇಧಗಳನ್ನು ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಮಾತಿನ ಹಿಂದೆ ನಿಂತಿರುವ ಮನುಷ್ಯನ ಬಾಳನ್ನು ಓದಿದಾಗ, ಸತ್ಯವೊಂದು ಹೇಗೆ ಮೆಲ್ಲಮೆಲ್ಲನೆ ಕೈಗೆ ಬರುತ್ತದೆಂಬುದನ್ನು ತಿಳಿಯಬಯಸುವ ಯಾರಿಗಾದರೂ ಅದು ಪ್ರಿಯವಾದೀತೆಂದು ನನಗೆ ತೋರಿತು.

ರೋಗದ ಸ್ವರೂಪವನ್ನು ಮೊದಲು ಹೇಳಬೇಕು. ಮೊಲೆಹಾಲು ಬಿಟ್ಟು ಗಟ್ಟಿಯಾದ ಆಹಾರವನ್ನು ಹಿಡಿಯುವ ವಯಸ್ಸಿನಲ್ಲಿ, ಅದುವರೆಗೆ ಚೆನ್ನಾಗಿಯೇ ಬೆಳೆಯುತ್ತಿದ್ದ ಮಗು ಬಾಡತೊಡಗುತ್ತದೆ. ಕೈಕಾಲುಗಳು ಕಡ್ಡಿಯಾಗುತ್ತವೆ, ಹೊಟ್ಟೆ ಮಾತ್ರ ಉಬ್ಬಿ ಮುಂದೆ ಬರುತ್ತದೆ. ಮಲ ಹೇರಳವಾಗಿ, ಬಿಳಿಚಿಕೊಂಡು, ಜಿಡ್ಡುಗೂಡಿ ಹೋಗುತ್ತದೆ. ಮಗು ನಗುವನ್ನು ಮರೆಯುತ್ತದೆ, ಸಣ್ಣದಕ್ಕೂ ರೇಗುತ್ತದೆ. ತಾಯಿ ಉಣಿಸಿದಷ್ಟೂ ಮಗು ಸೊರಗುವ ಈ ರೋಗ ಪುರಾತನವಾದದ್ದು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಗ್ರೀಕ್ ವೈದ್ಯ ಅರೆಟಿಯಸನು ಇದನ್ನು ಹೋಲುವ ಬೇನೆಯೊಂದನ್ನು ವರ್ಣಿಸಿದ್ದಾನೆ. ಗ್ರೀಕಿನಲ್ಲಿ ಹೊಟ್ಟೆಯನ್ನು ಹೇಳುವ ಶಬ್ದದಿಂದಲೇ ಸೀಲಿಯಾಕ್ ಎಂಬ ಹೆಸರು ಬಂದಿದೆ.

1888ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಜೀ ಎಂಬ ವೈದ್ಯನು ಈ ರೋಗವನ್ನು ಸ್ಪಷ್ಟವಾಗಿ ಬಣ್ಣಿಸಿ, ಇದಕ್ಕೆ ಮದ್ದೆಂಬುದಿದ್ದರೆ ಅದು ಪಥ್ಯದಲ್ಲಿಯೇ ಇರಬೇಕೆಂದು ಸಾರಿದನು. ಆತನ ಊಹೆ ಸರಿ. ಆದರೆ ಪಥ್ಯದ ವಿವರವನ್ನು ನೋಡಿದರೆ ನಮಗೆ ವಿಸ್ಮಯವಾಗುತ್ತದೆ. ಆತನು ಅಕ್ಕಿಯನ್ನು ಬೇಡವೆಂದನು. ಬ್ರೆಡ್ಡನ್ನು ತೆಳುವಾಗಿ ಕೊಯ್ದು ಎರಡು ಕಡೆಯೂ ಚೆನ್ನಾಗಿ ಸುಟ್ಟು ಕೊಡಬಹುದೆಂದನು. ನಿರಪರಾಧಿಗೆ ಶಿಕ್ಷೆಯಾಯಿತು, ಅಪರಾಧಿ ವೇಷ ಬದಲಿಸಿಕೊಂಡು ಅಡಿಗೆಮನೆಯಲ್ಲಿಯೇ ಉಳಿಯಿತು. ಹಾಲೆಂಡಿನಿಂದ ಬರುವ ಒಂದು ಬಗೆಯ ಚಿಪ್ಪಿನ ಜೀವಿಗಳನ್ನು ದಿನವೂ ತಿಂದು ಚೇತರಿಸಿಕೊಂಡ ಮಗುವೊಂದು, ಅವುಗಳ ಋತು ಮುಗಿದೊಡನೆ ಮತ್ತೆ ಹಾಸಿಗೆ ಹಿಡಿದುದನ್ನೂ ಜೀ ಬರೆದಿಟ್ಟಿದ್ದಾನೆ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬಾತನು ಬಾಳೆಯ ಹಣ್ಣನ್ನೇ ಮುಖ್ಯವಾಗಿ ಕೊಟ್ಟು ಹಲವು ಮಕ್ಕಳನ್ನು ಉಳಿಸಿದನು. ಬಾಳೆಯ ಹಣ್ಣಿನಲ್ಲಿ ಏನೋ ಅಪೂರ್ವ ಶಕ್ತಿಯಿದೆಯೆಂದು ಲೋಕ ನಂಬಿತು. ಆ ಪಥ್ಯದಲ್ಲಿ ಬ್ರೆಡ್ಡೂ ಇರಲಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ. ತಟ್ಟೆಯಲ್ಲಿ ಇರುವುದನ್ನು ಕಾಣುವುದು ಸುಲಭ. ಇಲ್ಲದಿರುವುದನ್ನು ಕಾಣಲು ಬೇರೆಯ ಕಣ್ಣು ಬೇಕು.

ಡಿಕ್ಕೆ ಹುಟ್ಟಿದುದು 1905ರ ಫೆಬ್ರುವರಿ 11ರಂದು, ಡಾರ್ಡ್ರೆಕ್ಟ್ ಎಂಬ ಊರಿನಲ್ಲಿ. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಹೇಗ್ ನಗರದ ಜೂಲಿಯಾನ ಮಕ್ಕಳ ಆಸ್ಪತ್ರೆಯಲ್ಲಿ ಶಿಶುವೈದ್ಯವನ್ನು ಕಲಿತು, 1936ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿಯೇ, ಆ ಆಸ್ಪತ್ರೆಯ ಮುಖ್ಯ ವೈದ್ಯನಾದನು. ಸೀಲಿಯಾಕ್ ರೋಗದ ಮಕ್ಕಳು ಅಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. ಕೆಲವರು ಹಿಂದಿರುಗಿ ಹೋಗುತ್ತಲೇ ಇರಲಿಲ್ಲ. ಆ ಕಾಲದಲ್ಲಿ, ಬ್ರೆಡ್ಡನ್ನು ನಿಲ್ಲಿಸಿದಾಗ ತನ್ನ ಮಗುವಿನ ಮೈ ಮೇಲಿನ ಗುಳ್ಳೆಗಳು ಬೇಗ ಮಾಯುತ್ತವೆಂದು ತಾಯಿಯೊಬ್ಬಳು ಆತನಿಗೆ ತಿಳಿಸಿದಳೆಂದು ಹೇಳಿಕೆಯಿದೆ. ಮನೆಯ ಹೆಂಗಸಿನ ಮಾತೆಂದು ಅದನ್ನು ತಳ್ಳಿಹಾಕುವುದು ದೊಡ್ಡ ಆಸ್ಪತ್ರೆಯ ಯುವಕ ಅಧಿಕಾರಿಗೆ ಕಷ್ಟವಾಗುತ್ತಿರಲಿಲ್ಲ. ಡಿಕ್ಕೆ ತಳ್ಳಿಹಾಕಲಿಲ್ಲ. 1930ರ ದಶಕದ ನಡುವಿನಿಂದಲೇ ಆತನು ಗೋಧಿಯಿಲ್ಲದ ಪಥ್ಯವನ್ನು ಪ್ರಯೋಗಿಸತೊಡಗಿದನು.

ಈ ಪ್ರಯೋಗದ ಕಷ್ಟವನ್ನು ಸ್ವಲ್ಪ ವಿಚಾರಿಸಬೇಕು. ಗೋಧಿಯನ್ನು ಬಿಟ್ಟ ಮಗು ಚೇತರಿಸಿಕೊಂಡಿತೆಂಬುದು ಮಾತ್ರವೇ ಪ್ರಮಾಣವಾಗದು. ಆಸ್ಪತ್ರೆಯ ಆರೈಕೆಯಿಂದ ಗುಣವಾಗಿರಬಹುದು. ವಯಸ್ಸು ಏರಿದ್ದರಿಂದಲೂ ಆಗಿರಬಹುದು. ಈ ರೋಗಕ್ಕೆ ತಾನಾಗಿ ಇಳಿಯುವ, ಏರುವ ಸ್ವಭಾವವೂ ಉಂಟು. ಆದುದರಿಂದ, ಚೇತರಿಸಿಕೊಂಡ ಮಗುವಿಗೆ ಗೋಧಿಯನ್ನು ಪುನಃ ಕೊಟ್ಟು ನೋಡಬೇಕು, ಕೆಟ್ಟರೆ ತೆಗೆಯಬೇಕು, ಸುಧಾರಿಸಿದ ಮೇಲೆ ಮತ್ತೊಮ್ಮೆ ಕೊಡಬೇಕು. ಆಗತಾನೇ ನಗಲು ಕಲಿತ ಮಗುವಿನ ಕೈಗೆ, ಕೆಡುಕಾಗಬಹುದೆಂದು ಅರಿತೂ ಅದೇ ಬ್ರೆಡ್ಡನ್ನು ಕೊಡುವ ವೈದ್ಯನ ಮನಸ್ಸು ಎಷ್ಟು ನೊಂದಿರಬೇಕು! ಕೊಡದಿದ್ದರೆ ಸತ್ಯ ಸಿದ್ಧವಾಗದು. ಸಿದ್ಧವಾಗದಿದ್ದರೆ ಕಾಣದ ಊರುಗಳ ಸಾವಿರಾರು ಮಕ್ಕಳು ಹಾಗೆಯೇ ಸೊರಗಬೇಕು. ಡಿಕ್ಕೆ ವರ್ಷಗಟ್ಟಲೆ ಮಕ್ಕಳ ತೂಕವನ್ನೂ ಎತ್ತರವನ್ನೂ ಗುರುತು ಹಾಕಿಕೊಂಡು ಬಂದನು. ಗೋಧಿ ಬಂದಾಗ ತೂಕದ ರೇಖೆ ಬಾಗುತ್ತಿತ್ತು, ಹೋದಾಗ ಏರುತ್ತಿತ್ತು. ತುಸು ಕಾಲದ ಮೇಲೆ ಎತ್ತರದ ರೇಖೆಯೂ ಅದನ್ನೇ ಹೇಳುತ್ತಿತ್ತು.

1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಹಾಲೆಂಡನ್ನು ಹಿಡಿಯಿತು. ಆಹಾರಕ್ಕೆ ರೇಷನ್ ಬಂದಿತು. ಮರುವರ್ಷ, ಎಂದರೆ 1941ರಲ್ಲಿ, ಡಿಕ್ಕೆ ತನ್ನ ದೇಶದ ವೈದ್ಯಪತ್ರಿಕೆಯಲ್ಲಿ ಚಿಕ್ಕದೊಂದು ಲೇಖನವನ್ನು ಪ್ರಕಟಿಸಿ, ಈ ಮಕ್ಕಳಿಗೆ ಸರಳವಾದ ಪಥ್ಯವೊಂದನ್ನು ಸೂಚಿಸಿದನು. ಅದರಲ್ಲಿ ಬ್ರೆಡ್ಡೂ ರಸ್ಕೂ ಕೂಡದು. ಗಂಜಿ ಮಾಡುವುದಾದರೆ ಗೋಧಿಹಿಟ್ಟನ್ನು ಬಳಸಕೂಡದು. ಯುದ್ಧದ ಗದ್ದಲದಲ್ಲಿ ಆ ಲೇಖನ ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಬಂದುದು 1944-45ರ ಚಳಿಗಾಲ. ಡಚ್ಚರು ಇಂದಿಗೂ ಅದನ್ನು ಹಸಿವಿನ ಚಳಿಗಾಲವೆಂದೇ ಕರೆಯುತ್ತಾರೆ. ರೈಲ್ವೆ ನೌಕರರ ಮುಷ್ಕರಕ್ಕೆ ಪ್ರತೀಕಾರವಾಗಿ ಜರ್ಮನ್ನರು ಆಹಾರದ ಸಾಗಣೆಯನ್ನು ತಡೆದರು. ಕಾಲುವೆಗಳು ಹೆಪ್ಪುಗಟ್ಟಿದುವು. ಹೇಗ್, ಆಮ್ಸ್ಟರ್‌ಡ್ಯಾಂ ಮೊದಲಾದ ಪಶ್ಚಿಮದ ನಗರಗಳಲ್ಲಿ ಜನ ಸಕ್ಕರೆ ಬೀಟ್‌ರೂಟನ್ನೂ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನೂ ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರೆಂದು ಎಣಿಕೆ. ಇಡೀ ನಾಡು ಕೃಶವಾಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಮೊದಲಿಗಿಂತ ಚೆನ್ನಾಗಿದ್ದರು. ಬ್ರೆಡ್ಡು ದುರ್ಲಭವಾದದ್ದೇ ಅವರಿಗೆ ವರವಾಯಿತು. 1945ರ ವಸಂತದಲ್ಲಿ ಹೊರಗಿನಿಂದ ಹಿಟ್ಟು ಬಂದು, ಮಿತ್ರರಾಷ್ಟ್ರಗಳ ವಿಮಾನಗಳು ಆಕಾಶದಿಂದ ಆಹಾರವನ್ನು ಸುರಿದು, ಊರೆಲ್ಲ ಬಿಳಿಯ ಬ್ರೆಡ್ಡನ್ನು ಕಣ್ಣಿಗೊತ್ತಿಕೊಂಡು ತಿಂದಾಗ, ಈ ಮಕ್ಕಳಿಗೆ ರೋಗ ಮರುಕಳಿಸಿತು.

ಹಸಿವಿನ ಚಳಿಗಾಲದಲ್ಲಿ ವೈದ್ಯನೊಬ್ಬನಿಗೆ ಮಿಂಚಿನಂತೆ ಸತ್ಯ ಹೊಳೆಯಿತೆಂದು ಈ ಕಥೆಯನ್ನು ಹಲವರು ಹೇಳುವುದುಂಟು. ಕಥೆಗೆ ಅದು ಸೊಗಸು. ಆದರೆ ಡಿಕ್ಕೆಗೆ ಅದರಿಂದ ಅನ್ಯಾಯವಾಗುತ್ತದೆ. ಆತನು ಬರಗಾಲಕ್ಕೆ ಎಷ್ಟೋ ವರ್ಷ ಮುಂಚೆಯೇ ಗೋಧಿಯನ್ನು ಸಂದೇಹಿಸಿ, 1941ರಲ್ಲಿಯೇ ಅಚ್ಚು ಹಾಕಿಸಿದ್ದನು. ಬರಗಾಲ ಆತನಿಗೆ ಉಪದೇಶ ಮಾಡಲಿಲ್ಲ; ಆತನ ಪರವಾಗಿ ಸಾಕ್ಷಿ ಹೇಳಿತು, ಅಷ್ಟೆ. ಸಿದ್ಧನಾಗಿದ್ದವನಿಗೆ ಮಾತ್ರ ಆ ಸಾಕ್ಷಿಯ ಅರ್ಥವಾಯಿತು. ಅದೇ ಚಳಿಗಾಲವನ್ನು ಕಂಡ ವೈದ್ಯರು ಇನ್ನೂ ಎಷ್ಟೋ ಮಂದಿ ಇದ್ದರೆಂಬುದನ್ನು ಮರೆಯಬಾರದು.

ಯುದ್ಧ ಮುಗಿದ ಮೇಲೆ ಅಳತೆಯ ಕೆಲಸ ನಡೆಯಿತು. ಉಟ್ರೆಕ್ಟಿನಲ್ಲಿದ್ದ ಜೀವರಸಾಯನಜ್ಞ ವಾನ್ ಡಿ ಕಾಮರನು ಮಲದಲ್ಲಿ ಹೋಗುವ ಕೊಬ್ಬನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನವೊಂದನ್ನು 1949ರಲ್ಲಿ ಪ್ರಕಟಿಸಿದನು. ಕರುಳು ಆಹಾರವನ್ನು ಎಷ್ಟು ಹೀರಿಕೊಂಡಿತು, ಎಷ್ಟನ್ನು ಬಿಟ್ಟಿತೆಂಬುದಕ್ಕೆ ಈಗ ಅಂಕಿಗಳು ದೊರೆತುವು. ವೈದ್ಯ ವೈಯರ್ಸನೂ ಜೊತೆಗೂಡಿದನು. 1950ರಲ್ಲಿ ಡಿಕ್ಕೆ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ತನ್ನ ಮಹಾಪ್ರಬಂಧವನ್ನು ಒಪ್ಪಿಸಿ, ಗೋಧಿ ಮತ್ತು ರೈ ಧಾನ್ಯಗಳ ಹಿಟ್ಟು ಈ ರೋಗಿಗಳಿಗೆ ಕೇಡೆಂದು ತೋರಿಸಿದನು.

ಗೋಧಿಯಲ್ಲಿ ಕೇಡು ಮಾಡುವ ಅಂಶ ಯಾವುದು? ಗೋಧಿಯ ಹಲ್ಬಾಯಿ ಮಾಡುವ ನಮ್ಮ ಗೃಹಿಣಿಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ನೆನೆದ ಗೋಧಿಯನ್ನು ರುಬ್ಬಿ ಹಿಂಡಿದರೆ ಬಿಳಿಯ ಹಾಲು ಇಳಿಯುತ್ತದೆ, ಅದು ಪಿಷ್ಟ. ಹಾಗೆಯೇ ಕಲಸಿದ ಗೋಧಿಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ನೀರಿನೊಡನೆ ಹೋಗಿ, ಎಳೆದರೆ ಹಿಗ್ಗುವ ಜಿಗುಟಾದ ವಸ್ತುವೊಂದು ಕೈಯಲ್ಲಿ ಉಳಿಯುತ್ತದೆ. ಅದೇ ಗ್ಲೂಟೆನ್. ಚಪಾತಿ ಹರಿಯದೆ ಬರುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಇದರ ಬಲದಿಂದ. ಪಿಷ್ಟವನ್ನು ಮಾತ್ರ ಕೊಟ್ಟಾಗ ಮಕ್ಕಳಿಗೆ ಏನೂ ಆಗಲಿಲ್ಲ. ಕೇಡು ಮಾಡಿದುದು ಆ ಜಿಗುಟು. ಅದರಲ್ಲಿಯೂ ಮದ್ಯಸಾರದಲ್ಲಿ ಕರಗುವ ಗ್ಲಯಡಿನ್ ಎಂಬ ಭಾಗವೇ ದೋಷಿಯೆಂದು 1953ರಲ್ಲಿ ಮೂವರೂ ಕೂಡಿ ಪ್ರಕಟಿಸಿದರು.

ಇಲ್ಲಿ ಭಾಷೆಯ ಅಧ್ಯಾಪಕನಾದ ನನ್ನ ಮನಸ್ಸನ್ನು ಹಿಡಿದ ವಿಷಯವೊಂದಿದೆ. 1941ರ ಲೇಖನವೂ 1950ರ ಮಹಾಪ್ರಬಂಧವೂ ಡಚ್ ಭಾಷೆಯಲ್ಲಿದ್ದುವು. ಸಣ್ಣ ನಾಡೊಂದರ ಭಾಷೆ ಅದು. ಹೊರಗೆ ಓದುವವರು ಕಡಮೆ. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು ತಾವೂ ಪರೀಕ್ಷಿಸಿ ಇದನ್ನು ಸಮರ್ಥಿಸಿದ ಮೇಲೆ, ಡಿಕ್ಕೆಯ ಬಳಗದ ಬರಹಗಳೂ ಇಂಗ್ಲಿಷಿನಲ್ಲಿ ಹೊರಬಂದ ಮೇಲೆ, ಲೋಕ ಕಿವಿಗೊಟ್ಟಿತು. ನಡುವೆ ಕಳೆದ ಹನ್ನೊಂದು ವರ್ಷಗಳಲ್ಲಿ ಬೇರೆ ದೇಶಗಳಲ್ಲಿ ಎಷ್ಟು ಮಕ್ಕಳು ಬ್ರೆಡ್ಡನ್ನು ತಿನ್ನುತ್ತಲೇ ಸೊರಗಿದುವೋ! ಯುದ್ಧದ ಅಡ್ಡಿಯೂ ಅದಕ್ಕೆ ಕಾರಣವೆಂಬುದು ನಿಜ. ಆದರೂ ಸಣ್ಣ ಭಾಷೆಯಲ್ಲಿ ಬರೆದುದು ಸಣ್ಣ ಮಾತಾಗಬೇಕಾಗಿಲ್ಲವೆಂಬುದಕ್ಕೆ ನನ್ನ ವಿದ್ಯಾರ್ಥಿಗಳ ಮುಂದೆ ನಾನು ಇಡಬಹುದಾದ ಉದಾಹರಣೆ ಇದು. ಅದನ್ನು ಹೊರಗೆ ಮುಟ್ಟಿಸುವವರೂ ಬೇಕೆಂಬ ಪಾಠವೂ ಇದರಲ್ಲಿಯೇ ಇದೆ.

ಡಿಕ್ಕೆ ಮುಂದೆ ಉಟ್ರೆಕ್ಟಿನಲ್ಲಿ ಶಿಶುವೈದ್ಯದ ಪ್ರಾಧ್ಯಾಪಕನೂ ಅಲ್ಲಿನ ವಿಲ್ಹೆಲ್ಮಿನ ಮಕ್ಕಳ ಆಸ್ಪತ್ರೆಯ ನಿರ್ದೇಶಕನೂ ಆದನು. ಆ ಪದವಿಯನ್ನು ಬಹುಕಾಲ ಅನುಭವಿಸುವ ಭಾಗ್ಯ ಆತನಿಗಿರಲಿಲ್ಲ. 1962ರ ಏಪ್ರಿಲ್ 27ರಂದು, ಐವತ್ತೇಳನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. ಆತನ ಹೆಸರಿನಲ್ಲಿ ಹಾಲೆಂಡಿನ ವೈದ್ಯರು ಚಿನ್ನದ ಪದಕವೊಂದನ್ನು ಸ್ಥಾಪಿಸಿದ್ದಾರೆ.

ಆತನು ಹಾಕಿದ ತಳಪಾಯದ ಮೇಲೆ ಇತರರು ಕಟ್ಟಿದರು. ಸಣ್ಣ ಕರುಳಿನ ಒಳಗೋಡೆಯಲ್ಲಿ ಆಹಾರವನ್ನು ಹೀರುವ ಎಳೆಬೆರಳಿನಂತಹ ಕುಡಿಗಳಿವೆ. ಈ ರೋಗದಲ್ಲಿ ಅವು ಸವೆದು ಚಪ್ಪಟೆಯಾಗುವುದನ್ನು 1950ರ ದಶಕದಲ್ಲಿಯೇ ಕಂಡುಕೊಂಡರು. ಮೈಯ ರಕ್ಷಣಾಶಕ್ತಿ ತನ್ನದೇ ದೇಹದ ಯಾವ ವಸ್ತುವಿನ ಮೇಲೆ ತಿರುಗಿ ಬೀಳುತ್ತದೆಂಬುದು 1997ರಲ್ಲಿ ತಿಳಿಯಿತು. ಅದರಿಂದ ರಕ್ತಪರೀಕ್ಷೆ ಸುಲಭವಾಯಿತು. ಇದು ಮಕ್ಕಳ ರೋಗ ಮಾತ್ರವಲ್ಲ, ಯಾವ ವಯಸ್ಸಿನಲ್ಲಿಯೂ ತಲೆದೋರಬಹುದು. ಕೆಲವರಲ್ಲಿ ಬಗ್ಗದ ರಕ್ತಹೀನತೆಯಾಗಿಯೋ ಮೂಳೆಯ ದೌರ್ಬಲ್ಯವಾಗಿಯೋ ಮಾತ್ರ ಕಾಣಿಸಿಕೊಳ್ಳಬಹುದೆಂದೂ ಈಗ ಗೊತ್ತಾಗಿದೆ. ಇಷ್ಟೆಲ್ಲ ತಿಳಿದ ಮೇಲೆಯೂ ಚಿಕಿತ್ಸೆ ಮಾತ್ರ ಡಿಕ್ಕೆ ಹೇಳಿದುದೇ: ಗೋಧಿ, ರೈ, ಜವೆಗೋಧಿಗಳನ್ನು ಬಾಳಿನುದ್ದಕ್ಕೂ ಬಿಡುವುದು.

ಗೋಧಿಯನ್ನೇ ಉಣ್ಣುವ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೊಬ್ಬರಿಗೆ ಈ ತೊಂದರೆಯಿದೆಯೆಂದು ಪರೀಕ್ಷೆಗಳಿಂದ ತಿಳಿದಿದೆ. ದಕ್ಷಿಣದಲ್ಲಿ ಅದು ಬಹಳ ಕಡಮೆ. ಅಕ್ಕಿ, ರಾಗಿ, ಜೋಳಗಳಲ್ಲಿ ಈ ಜಿಗುಟಿಲ್ಲ. ಮುದ್ದೆಯೂ ಜೋಳದ ರೊಟ್ಟಿಯೂ ಇರುವ ನಮ್ಮ ಮನೆಗಳಲ್ಲಿ ಈ ಪಥ್ಯ ಯೂರೋಪಿನಲ್ಲಿರುವಷ್ಟು ಕಠಿಣವಲ್ಲ. ಆದರೂ ಎಚ್ಚರ ಬೇಕು. ಉಪ್ಪಿಟ್ಟಿನ ರವೆ ಗೋಧಿಯದು. ಶ್ಯಾವಿಗೆ ಹಲವು ವೇಳೆ ಗೋಧಿಯದು. ಅಂಗಡಿಯ ಇಂಗಿನಲ್ಲಿ ಕೂಡ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ರೋಗವಿದ್ದವನಿಗೆ ಚಿಟಿಕೆಯಷ್ಟೂ ಲೆಕ್ಕವೇ; ಒಂದು ಕಿಲೋಗ್ರಾಂ ಆಹಾರದಲ್ಲಿ ಗ್ಲೂಟೆನ್ 20 ಮಿಲಿಗ್ರಾಮನ್ನು ಮೀರಿದರೆ ಅದನ್ನು ಗ್ಲೂಟೆನ್ ಇಲ್ಲದ್ದೆಂದು ಮಾರುವಂತಿಲ್ಲ.

ರೋಗವಿಲ್ಲದವರು ಗೋಧಿಯನ್ನು ಬಿಟ್ಟರೆ ಆರೋಗ್ಯ ಹೆಚ್ಚುವುದೇ ಎಂದು ಕೇಳುವವರಿಗೆ ಡಿಕ್ಕೆಯ ಬಾಳಿನಲ್ಲಿ ಒಂದು ಉತ್ತರವಿದೆ. ಆತನು ಗೋಧಿಯನ್ನು ಲೋಕದ ಶತ್ರುವೆಂದು ಸಾರಲಿಲ್ಲ. ಯಾರಿಗೆ, ಯಾವ ಅಂಶದಿಂದ, ಎಷ್ಟು ಕೇಡೆಂದು ಅಳೆದು ಹೇಳಿದನು. ಅದರಾಚೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹೊಟ್ಟೆಯ ಬಾಧೆಯಿಂದ ನರಳುವವರು ಗೋಧಿಯನ್ನು ತಾವಾಗಿ ಬಿಟ್ಟುಬಿಡುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳುವುದೂ ಈ ಕಾರಣದಿಂದಲೇ. ಬಿಟ್ಟ ಮೇಲೆ ಮಾಡಿದರೆ, ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಆಗ ರೋಗಿಯೂ ವೈದ್ಯನೂ ಕತ್ತಲೆಯಲ್ಲಿ ಉಳಿಯುತ್ತಾರೆ.

ತಾಯಿಯ ಮಾತಿನಲ್ಲಿ ಸತ್ಯವಿರಬಹುದೆಂದು ನಂಬಿದವನು ಡಿಕ್ಕೆ. ನಂಬಿದ ಮೇಲೂ ತೂಗಿ ನೋಡದೆ ಲೋಕಕ್ಕೆ ಹೇಳದವನೂ ಆತನೇ. ಈ ಎರಡು ಗುಣಗಳು ಒಬ್ಬನಲ್ಲಿ ಕೂಡುವುದು ಅಪರೂಪ. ಅವು ಕೂಡಿದ್ದರಿಂದ, ಒಂದು ಕಾಲದಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಮುಗಿದುಹೋಗುತ್ತಿದ್ದ ಮಕ್ಕಳು ಇಂದು ಶಾಲೆಗೆ ಹೋಗುತ್ತವೆ, ಬೆಳೆಯುತ್ತವೆ, ತಮ್ಮ ಮಕ್ಕಳನ್ನು ಎತ್ತಿಕೊಳ್ಳುತ್ತವೆ.