ಡಾಕ್ಟರ್ ಫರ್ನಾಂಡ್ ವಿಡಾಲ್‌ರವರ ಚರಿತ್ರೆ

ಸಿಂಧನೂರು, ಲಿಂಗಸೂಗೂರು, ಮಸ್ಕಿ ಮುಂತಾದ ನಮ್ಮ ಊರುಗಳಲ್ಲಿ, ಜ್ವರ ಬಿಡದ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ದ ತಾಯಂದಿರ ಕಿವಿಗೆ ವಿಡಾಲ್ ಪರೀಕ್ಷೆ ಎಂಬ ಮಾತು ಬೀಳುವುದುಂಟು. ಅದು ಒಬ್ಬ ಮಹನೀಯರ ಹೆಸರೆಂದು ಬಲ್ಲವರು ಕೆಲವರೇ. ಈ ಶಾಲೆಯಲ್ಲಿ ಕಲಿತು ಈಗ ಮನೆವಾರ್ತೆಯನ್ನು ವಹಿಸಿರುವ ಸೋದರಿಯರಿಗೂ ಮಕ್ಕಳ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ವಿಡಾಲ್‌ರವರು 1862ನೆಯ ಇಸವಿ ಮಾರ್ಚ್ 9ನೆಯ ತಾರೀಖು ಉತ್ತರ ಆಫ್ರಿಕಾದ ಆಲ್ಜೀರಿಯಾ ದೇಶದ ದೆಲ್ಲಿಸ್ ಎಂಬ ಊರಿನಲ್ಲಿ ಯೆಹೂದ್ಯ ಮನೆತನದಲ್ಲಿ ಜನಿಸಿದರು. ಪ್ಯಾರಿಸ್ ನಗರದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, 1889ರಲ್ಲಿ ಬಾಣಂತಿಯರನ್ನು ಬಲಿಗೊಳ್ಳುತ್ತಿದ್ದ ಸೂತಿಕಾಜ್ವರದ ಮೇಲೆ ಪ್ರೌಢ ಪ್ರಬಂಧವನ್ನು ಬರೆದರು. ಅದಕ್ಕೂ ಹಿಂದಿನ ವರ್ಷವೇ ಅವರೂ ಶಾಂತಮೆಸ್ ಎಂಬ ವೈದ್ಯರೂ ಕೂಡಿ, ಕಾಯಿಸಿ ಕೊಂದ ಟೈಫಾಯಿಡ್ ಕ್ರಿಮಿಗಳನ್ನು ಇಲಿಗಳ ಮೈಗೆ ಚುಚ್ಚಿದರೆ ಅವುಗಳಿಗೆ ಆ ರೋಗದಿಂದ ರಕ್ಷಣೆ ದೊರೆಯುವುದೆಂದು ತೋರಿಸಿದ್ದರು.

ಟೈಫಾಯಿಡ್ ಅಥವಾ ವಿಷಮಶೀತ ಜ್ವರದ ಕ್ರಿಮಿಯನ್ನು 1880ರಲ್ಲಿಯೇ ಎಬರ್ಟ್ ಎಂಬವರು ಕಂಡಿದ್ದರು. ಆದರೂ ಹಾಸಿಗೆ ಹಿಡಿದ ರೋಗಿಯ ಜ್ವರವು ಇದೇಯೋ ಬೇರೆಯೋ ಎಂದು ನಿರ್ಣಯಿಸುವುದು ಕಷ್ಟವಾಗಿತ್ತು. ನಮ್ಮ ದೇಹಕ್ಕೆ ಕ್ರಿಮಿಯು ಹೊಕ್ಕಾಗ ಅದನ್ನೆದುರಿಸಲು ರಕ್ತದಲ್ಲಿ ಒಂದು ವಸ್ತುವು ಹುಟ್ಟುತ್ತದೆ; ಇದಕ್ಕೆ ಪ್ರತಿಕಾಯವೆಂದು ಹೆಸರು. 1896ರಲ್ಲಿ ವಿಯೆನ್ನಾ ನಗರದ ಗ್ರೂಬರ್ ಮತ್ತು ಡರ್ಹ್ಯಾಮ್ ಎಂಬವರು, ಇಂಥ ರಕ್ತದ ತಿಳಿಯು ಕ್ರಿಮಿಗಳನ್ನು ಮುದ್ದೆಗಟ್ಟಿಸುವುದನ್ನು ವರ್ಣಿಸಿದರು. ಈ ಗುಣವು ರೋಗ ವಾಸಿಯಾದ ಬಳಿಕ ಬರತಕ್ಕದ್ದೆಂದು ಭಾವಿಸಲಾಗಿತ್ತು. ವಿಡಾಲ್‌ರವರಾದರೋ ಇನ್ನೂ ಜ್ವರದಲ್ಲಿದ್ದವರ ರಕ್ತವನ್ನೇ ಪರೀಕ್ಷಿಸಿ, ರೋಗಕಾಲದಲ್ಲಿಯೇ ಅದು ತೋರುವುದೆಂದು ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ರಕಟಿಸಿದರು. ಹೀಗೆ ಒಂದೆರಡು ತೊಟ್ಟು ರಕ್ತವು ರೋಗದ ಹೆಸರನ್ನು ಹೇಳುವಂತಾಯಿತು.

ಮೂತ್ರಪಿಂಡದ ಬೇನೆಯಲ್ಲಿ ಮೈ ಬಾವೇರುವುದಕ್ಕೆ ದೇಹದಲ್ಲಿ ಉಳಿದ ಉಪ್ಪು ಕಾರಣವೆಂದು ತೋರಿಸಿ, ಉಪ್ಪಿಲ್ಲದ ಪಥ್ಯವನ್ನು ಬಳಕೆಗೆ ತಂದವರಲ್ಲಿಯೂ ಇವರು ಪ್ರಮುಖರು. ಪ್ಯಾರಿಸಿನಲ್ಲಿ ಪ್ರಾಧ್ಯಾಪಕರಾಗಿ ಅನೇಕ ಶಿಷ್ಯರನ್ನು ತಯಾರು ಮಾಡಿ, 1929ನೆಯ ಇಸವಿ ಜನವರಿ 14ರಂದು ಅಲ್ಲಿಯೇ ಕಾಲವಾದರು.

ಇವರ ಪರೀಕ್ಷೆಗೆ ಒಂದು ಮಿತಿಯುಂಟು. ಅದನ್ನು ತಾಯಂದಿರು ಅವಶ್ಯವಾಗಿ ತಿಳಿದಿರಬೇಕು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರುಳ್ಳ ಶಾಸನವು ಬೆಳಕಿಗೆ ಬಂದಿತು. ಆತನ ಆಜ್ಞೆಯು ಒಂದು ಕಾಲದಲ್ಲಿ ಇಲ್ಲಿಗೆ ಮುಟ್ಟಿತ್ತೆಂದು ಅದು ಸಾರುವುದೇ ಹೊರತು, ಆತನು ಇಂದು ಆಳುತ್ತಿರುವನೆಂದು ಸಾರುವುದಿಲ್ಲ. ಪ್ರತಿಕಾಯವೂ ಹಾಗೆಯೇ. ಹಿಂದೆಂದೋ ಬಂದುಹೋದ ರೋಗದಿಂದಲೂ ಹಾಕಿಸಿದ ಲಸಿಕೆಯಿಂದಲೂ ಅದು ರಕ್ತದಲ್ಲಿ ಉಳಿದಿರಬಹುದು. ಜ್ವರದ ಮೊದಲ ದಿನಗಳಲ್ಲಿ ತೋರದೆಯೂ ಇರಬಹುದು. ಆದುದರಿಂದ ಒಂದೇ ಚೀಟಿಯನ್ನು ನಂಬಿ ಔಷಧಕ್ಕೆ ಆತುರಪಡುವುದು ಉಚಿತವಲ್ಲ. ಔಷಧವನ್ನು ಆರಂಭಿಸುವುದಕ್ಕೆ ಮುಂಚೆ ರಕ್ತವನ್ನು ತೆಗೆದು, ಅದರಲ್ಲಿರುವ ಕ್ರಿಮಿಯನ್ನೇ ಬೆಳೆಯಿಸಿ ನೋಡುವ ಪರೀಕ್ಷೆಯು ಹೆಚ್ಚು ನಂಬತಕ್ಕ ಸಾಕ್ಷಿ.

ವಿಡಾಲ್‌ರವರು ತೋರಿದ ದಾರಿಯಲ್ಲಿ ಸೂಜಿಗಲ್ಲಿನ ಶಕ್ತಿಯನ್ನೂ ಬಳಸಲಾಗಿದೆ. 1998ರಲ್ಲಿ ಹಾಂಗ್‌ಕಾಂಗಿನ ವಿದ್ವಾಂಸರು ಪ್ರಕಟಿಸಿದ ಟ್ಯೂಬೆಕ್ಸ್ ವಿಧಾನದಲ್ಲಿ, ಸೂಜಿಗಲ್ಲು ಎಳೆಯಬಲ್ಲ ಸಣ್ಣ ಕಣಗಳೂ ನೀಲಿ ಕಣಗಳೂ ಒಂದನ್ನೊಂದು ಹಿಡಿಯುವಂತೆ ಸಿದ್ಧವಾಗಿರುತ್ತವೆ. ರೋಗಿಯ ರಕ್ತದಲ್ಲಿ ಟೈಫಾಯಿಡಿನ ಪ್ರತಿಕಾಯವಿಲ್ಲದಿದ್ದರೆ ಸೂಜಿಗಲ್ಲು ಎರಡನ್ನೂ ತಳಕ್ಕೆಳೆದು ದ್ರವವು ಕೆಂಪಾಗಿ ಕಾಣುವುದು. ಇದ್ದರೆ ಅದು ಆ ಹಿಡಿತಕ್ಕೆ ಅಡ್ಡಬಂದು ನೀಲಿ ಬಣ್ಣವು ಉಳಿಯುವುದು. ಕೆಲವೇ ನಿಮಿಷಗಳ ಕೆಲಸವಾದರೂ ಇದೂ ತಪ್ಪೇ ಮಾಡದ ಪರೀಕ್ಷೆಯಲ್ಲ.

ಪರೀಕ್ಷೆಯು ರೋಗವನ್ನು ತಿಳಿಸೀತು, ತಡೆಯಲಾರದು. ಕುದಿಸಿ ಆರಿಸಿದ ನೀರು, ಮುಚ್ಚಿಟ್ಟ ಅನ್ನ, ತೊಳೆದ ಕೈ, ಕಾಲಕ್ಕೆ ಹಾಕಿಸಿದ ಲಸಿಕೆ ಇವು ಗೃಹಿಣಿಯ ಕೈಯಲ್ಲಿರುವ ಸಾಧನಗಳು. ಇವುಗಳನ್ನು ಮರೆಯದೆ ನಡೆಯಿಸುವ ಮನೆಯಲ್ಲಿ ವಿಡಾಲ್‌ರವರ ಶ್ರಮವು ಸಾರ್ಥಕವಾಗುವುದು.