ಲೂಥರನ ಬೈಬಲ್ ಅಧ್ಯಯನ: ಒಂದು ಷಷ್ಠೀ ವಿಭಕ್ತಿಯ ಅರ್ಥಾಂತರ

ಮಾರ್ಟಿನ್ ಲೂಥರನ (1483-1546) ಹೆಸರು ಬಂದೊಡನೆ 1517ರ 95 ಪ್ರಮೇಯಗಳು ನೆನಪಾಗುತ್ತವೆ. ಆದರೆ ಅವನ ಬದುಕಿನ ನಿಜವಾದ ತಿರುವು ಇರುವುದು ಅವನ ಓದಿನಲ್ಲಿ.

1505ರಲ್ಲಿ ಸಿಡಿಲಿಗೆ ಬೆದರಿ ಸನ್ಯಾಸದ ಹರಕೆ ಹೊತ್ತ ಈ ಕಾನೂನು ವಿದ್ಯಾರ್ಥಿ ಎರ್ಫುರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪಾಪನಿವೇದನೆಗಳಿಂದಲೂ ದೇವರ ತೀರ್ಪಿನ ಭಯ ನೀಗಲಿಲ್ಲ. 1512ರಲ್ಲಿ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪ್ರಾಧ್ಯಾಪಕನಾಗಿ, ಮೊದಲು ಕೀರ್ತನೆಗಳನ್ನೂ 1515-16ರಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನೂ ಬೋಧಿಸಿದನು. ಆ ಪತ್ರದ ಮೊದಲ ಅಧ್ಯಾಯದ 'ದೇವರ ನೀತಿ' ಎಂಬ ಪದಪುಂಜ ಅವನನ್ನು ಕಾಡಿತು. ದೇವರು ಪಾಪಿಯನ್ನು ದಂಡಿಸುವ ನೀತಿಯೆಂದೇ ಅವನು ಅದನ್ನು ಕಲಿತಿದ್ದನು. ಹಿಂದುಮುಂದಿನ ಮಾತುಗಳೊಡನೆ ಕೂಡಿಸಿ ಓದಿದಾಗ, ಅದು ನಂಬುವವನಿಗೆ ದೇವರು ಕೃಪೆಯಿಂದ ಕೊಡುವ ನೀತಿಯೆಂದು ಹೊಳೆಯಿತು. ಷಷ್ಠಿಯ ಈ ದ್ವ್ಯರ್ಥತೆ ನಮಗೂ ಹೊಸದಲ್ಲ. ಗುರುವಿನ ವಿದ್ಯೆಯೆಂದರೆ ಗುರುವಿನಲ್ಲಿರುವುದೂ ಹೌದು, ಗುರುವಿನಿಂದ ದೊರೆತದ್ದೂ ಹೌದು.

ಈ ಅನುಭವವನ್ನು ಲೂಥರನು 1545ರಲ್ಲಿ, ಮುಪ್ಪಿನಲ್ಲಿ ನೆನೆದು ಬರೆದುದರಿಂದ ಅದರ ಕಾಲನಿರ್ಣಯ ವಿವಾದಾಸ್ಪದವಾಗಿದೆ. ಒಂದು ಗಳಿಗೆಯ ಮಿಂಚಿಗಿಂತ ವರ್ಷಗಟ್ಟಲೆಯ ಪಾಠಪ್ರವಚನದ ಫಲವೆಂದು ಭಾವಿಸುವುದೇ ಹೆಚ್ಚು ಸಮಂಜಸ.

1522ರಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜರ್ಮನ್ನಿಗೆ ತಂದಾಗ, ಅದೇ ಪತ್ರದ ಮೂರನೆಯ ಅಧ್ಯಾಯದಲ್ಲಿ ನಂಬಿಕೆಯೊಡನೆ 'ಮಾತ್ರ' ಎಂಬರ್ಥದ, ಮೂಲದಲ್ಲಿಲ್ಲದ ಪದವೊಂದನ್ನು ಸೇರಿಸಿದನು. ವಿರೋಧಿಗಳು ಇದನ್ನು ಪ್ರಕ್ಷೇಪವೆಂದು ಆಕ್ಷೇಪಿಸಿದರು. ಪೌಲನ ಆಶಯವೂ ಜರ್ಮನ್ ನುಡಿಯ ಜಾಯಮಾನವೂ ಅದನ್ನು ಬೇಡುತ್ತವೆಂದು 1530ರಲ್ಲಿ ಅನುವಾದವನ್ನು ಕುರಿತ ಪತ್ರದಲ್ಲಿ ವಾದಿಸಿದ ಲೂಥರನು, ಆ ಪದವನ್ನು ಉಳಿಸಿಕೊಂಡನು.